ಮಗುವಿಗೆ ಬ್ಲಡ್ ಕ್ಯಾನ್ಸರ್ ಎಂದಾಗ: ಹಾಸನ ಕಡೆಯ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳಿಗೆ ಬ್ಲಡ್ ಕ್ಯಾನ್ಸರ್ ಎಂದು ಗೊತ್ತಾದಾಗ ಅವಳು ಇನ್ನೂ ಯು.ಕೆ.ಜಿ.ಯಲ್ಲಿದ್ದಳು. ಈಗ ಹೈಸ್ಕೂಲು. ಹಾಸನ, ಬೇಲೂರು, ಆಲೂರು, ಸಕಲೇಶಪುರ, ಅರಸೀಕೆರೆ ಕಡೆಯಿಂದ ನನಗೆ ಫೋನ್ ಬರುತ್ತಲೇ ಇರುತ್ತದೆ. ಆಸ್ಪತ್ರೆಯಲ್ಲಿ ಪರಿಚಯವಾದವರು ಯಾರೋ ನಂಬರ್ ಕೊಟ್ಟಿರುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಇಲ್ಲಿರುವುದು ಎ.ಎಲ್.ಎಲ್. ಬಗ್ಗೆ, ಅಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದೇ ಜಾಸ್ತಿ. ನಾನು ಡಾಕ್ಟರ್ ಅಲ್ಲ, ಒಬ್ಬ ತಾಯಿ. ಇಲ್ಲಿ ಬರೆದದ್ದಕ್ಕೂ ನಿಮ್ಮ ಡಾಕ್ಟರ್ ಹೇಳಿದ್ದಕ್ಕೂ ವ್ಯತ್ಯಾಸ ಕಂಡರೆ ಡಾಕ್ಟರ್ ಮಾತನ್ನೇ ಕೇಳಿ.

ಇದು ನಿಜವಾಗಲೂ ವಾಸಿಯಾಗುತ್ತಾ, ಇಲ್ಲ ನಮ್ಮ ಸಮಾಧಾನಕ್ಕೆ ಹಾಗೆ ಹೇಳ್ತಾರಾ?

ನಿಜವಾಗಲೂ ವಾಸಿಯಾಗುತ್ತದೆ. ನಮ್ಮ ಅಜ್ಜಿ ತಾತಂದಿರ ಕಾಲದಲ್ಲಿ ಈ ಕಾಯಿಲೆ ಬಂದ ಮಗು ಉಳಿಯುತ್ತಿರಲಿಲ್ಲ. 1948ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಎಂಬ ಡಾಕ್ಟರ್, ಅಮಿನೋಪ್ಟೆರಿನ್ ಎಂಬ ಔಷಧಿ ಕೊಟ್ಟಾಗ ಕೆಲವು ಮಕ್ಕಳಲ್ಲಿ ರೋಗ ಸ್ವಲ್ಪ ಕಾಲ ಹಿಂದೆ ಸರಿಯಿತು ಎಂದು ತೋರಿಸಿದರು. ಅಲ್ಲಿಂದ ಒಂದೊಂದೇ ಔಷಧಿ ಸೇರುತ್ತಾ ಬಂತು. ನಿಮ್ಮ ಮಗು ಮನೆಯಲ್ಲಿ ನುಂಗುವ 6 ಎಂ.ಪಿ. (ಮರ್ಕ್ಯಾಪ್ಟೋಪ್ಯೂರಿನ್) ಮಾತ್ರೆಯನ್ನು ಕಂಡುಹಿಡಿದವರು ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್. ಅವರಿಗೆ 1988ರಲ್ಲಿ ನೊಬೆಲ್ ಬಂತು. ಈಗ ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆ ಬಂದ 100 ಮಕ್ಕಳಲ್ಲಿ 85ರಿಂದ 90 ಮಕ್ಕಳು ಗುಣವಾಗುತ್ತಾರೆ.

ನಮ್ಮ ದೇಶದಲ್ಲಿ ಅಷ್ಟು ಇಲ್ಲ. ಔಷಧಿ ಬೇರೆ ಎಂದಲ್ಲ, ಬಹುಪಾಲು ಅವೇ ಔಷಧಿಗಳು. ಕಾಯಿಲೆ ಗೊತ್ತಾಗುವುದು ತಡವಾಗುತ್ತದೆ. ಚಿಕಿತ್ಸೆ ನಡುವೆ ಸೋಂಕು ಬಂದು ಮಕ್ಕಳು ಹೋಗುತ್ತಾರೆ. ಮತ್ತೆ ಕೆಲವು ಮನೆಗಳವರು ಅರ್ಧದಲ್ಲೇ ಚಿಕಿತ್ಸೆ ಬಿಟ್ಟುಬಿಡುತ್ತಾರೆ. ಈ ಕೊನೆಯ ಎರಡರಲ್ಲಿ ನಮ್ಮ ಕೈಯಲ್ಲಿರುವುದು ತುಂಬಾ ಇದೆ. ನಾನು ಬರೆಯುತ್ತಿರುವುದೇ ಆ ಕಾರಣಕ್ಕೆ.

ನಾವೇನು ತಪ್ಪು ಮಾಡಿದ್ವಿ? ಯಾಕೆ ಬಂತು?

ನೀವೇನೂ ತಪ್ಪು ಮಾಡಿಲ್ಲ. ರಕ್ತ ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿ ಒಂದು ಬಿಳಿ ರಕ್ತಕಣ ಹಾದಿ ತಪ್ಪಿ, ಬಲಿಯದೆಯೇ ಬೆಳೆಯುತ್ತಾ ಹೋಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಇದಕ್ಕೆ ಇಂಥದ್ದೇ ಕಾರಣ ಎಂದು ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ. ಬಸುರಿಯಲ್ಲಿ ತಿಂದದ್ದಲ್ಲ, ಬಿಸ್ಕೆಟ್ ಅಲ್ಲ, ದೃಷ್ಟಿ ಅಲ್ಲ, ಸರ್ಪದೋಷವೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅದೇ ತಟ್ಟೆಯಲ್ಲಿ ಉಂಡರೂ, ಪಕ್ಕದಲ್ಲಿ ಮಲಗಿದರೂ ಬರುವುದಿಲ್ಲ.

ಅತ್ತೆಯೋ ಚಿಕ್ಕಮ್ಮನೋ "ನಮ್ಮ ಕಡೆ ಯಾರಿಗೂ ಇರಲಿಲ್ಲ, ನಿನ್ನ ತವರಿನಿಂದಲೇ ಬಂದಿರಬೇಕು" ಅಂದರೆ ಅದಕ್ಕೆ ಬೆಲೆ ಕೊಡಬೇಡಿ. ಇದು ಸಾಮಾನ್ಯವಾಗಿ ಅಪ್ಪನ ಕಡೆಯಿಂದಲೋ ಅಮ್ಮನ ಕಡೆಯಿಂದಲೋ ಇಳಿದು ಬರುವ ಕಾಯಿಲೆ ಅಲ್ಲ. ಆ ಮಾತು ಕೇಳಿಸಿಕೊಂಡು ಒಳಗೊಳಗೇ ಕೊರಗುವ ತಾಯಂದಿರನ್ನು ನಾನು ತುಂಬಾ ನೋಡಿದ್ದೇನೆ. ಗಂಡನಾದವನು ಅಲ್ಲೇ ಬಾಯಿಬಿಟ್ಟು "ಹಾಗಲ್ಲ" ಅನ್ನಬೇಕು. ಸುಮ್ನೆ ಕೂತರೆ ಒಪ್ಪಿದ ಹಾಗೆ ಆಗುತ್ತದೆ.

ಹಾಸನದಲ್ಲೇ ಚಿಕಿತ್ಸೆ ಆಗಲ್ವಾ? ಬೆಂಗಳೂರಿಗೇ ಹೋಗಬೇಕಾ?

ಶುರು ಮಾಡುವುದು ಮಕ್ಕಳ ಕ್ಯಾನ್ಸರ್‌ಗೆ ಅಂತಲೇ ವಿಭಾಗ ಇರುವ ಕಡೆ. ನಮ್ಮ ಕಡೆಯವರು ಜಾಸ್ತಿ ಹೋಗುವುದು ಬೆಂಗಳೂರಿನ ಡೈರಿ ಸರ್ಕಲ್ ಹತ್ತಿರದ ಕಿದ್ವಾಯಿಗೆ. 1973ರಲ್ಲಿ ಶುರುವಾದ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಅದು. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಮಂಗಳೂರು ಅಥವಾ ಮಣಿಪಾಲ ಹತ್ತಿರ. ಆದರೆ ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ನಿಲ್ಲುವುದುಂಟು. ಅದನ್ನೂ ಲೆಕ್ಕಕ್ಕೆ ತಗೊಂಡು ನಿರ್ಧಾರ ಮಾಡಿ.

ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್, ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ ಇವನ್ನು ಮಾತ್ರ ಬಿಟ್ಟುಕೊಡಬೇಡಿ. ಮಧ್ಯೆ ಮಧ್ಯೆ ರಕ್ತ ಪರೀಕ್ಷೆಗೆ, ಜ್ವರ ಬಂದ ರಾತ್ರಿ ಮೊದಲ ಇಂಜೆಕ್ಷನ್‌ಗೆ ಅಲ್ಲಿಗೇ ಓಡಬೇಕು. ಮಕ್ಕಳ ವಿಭಾಗದ ಡಾಕ್ಟರನ್ನು ಮಗು ಚೆನ್ನಾಗಿರುವಾಗಲೇ ಒಂದು ಸಲ ಭೇಟಿ ಮಾಡಿ, ಫೈಲ್ ತೋರಿಸಿ ಬನ್ನಿ.

ಎಷ್ಟು ದಿನದ ಚಿಕಿತ್ಸೆ?

ಎರಡರಿಂದ ಮೂರು ವರ್ಷ. ಇದನ್ನು ಕೇಳಿದ ತಕ್ಷಣ ಎದೆ ಒಡೆಯುತ್ತದೆ. ಆದರೆ ಅಷ್ಟೂ ದಿನ ಆಸ್ಪತ್ರೆಯಲ್ಲಿ ಇರುವುದಿಲ್ಲ.

ಮೊದಲ ನಾಲ್ಕೈದು ವಾರಕ್ಕೆ ಇಂಡಕ್ಷನ್ ಅನ್ನುತ್ತಾರೆ. ಸ್ಟಿರಾಯ್ಡ್, ವಿನ್‌ಕ್ರಿಸ್ಟಿನ್, ಆಸ್ಪರಾಜಿನೇಸ್, ಕೆಲವರಿಗೆ ಡೌನೊರುಬಿಸಿನ್. ಜೊತೆಗೆ ಬೆನ್ನಿಗೆ ಚುಚ್ಚಿ ಕೊಡುವ ಮೆಥೊಟ್ರೆಕ್ಸೇಟ್, ಯಾಕೆಂದರೆ ಮಿದುಳು ಮತ್ತು ಬೆನ್ನುಹುರಿಯಲ್ಲಿ ಅಡಗಿ ಕೂರುವ ಕಣಗಳಿಗೆ ನರಕ್ಕೆ ಹಾಕಿದ ಔಷಧಿ ಸರಿಯಾಗಿ ತಲುಪುವುದಿಲ್ಲ. ಇಂಡಕ್ಷನ್ ಕೊನೆಗೆ ಮಜ್ಜೆ ತೆಗೆದು ಎಂ.ಆರ್.ಡಿ. ಎಂಬ ಪರೀಕ್ಷೆ ಮಾಡುತ್ತಾರೆ. ಹತ್ತು ಸಾವಿರ ಕಣದಲ್ಲಿ ಒಂದು ಕೆಟ್ಟ ಕಣ ಉಳಿದಿದ್ದರೂ ಅದು ಹಿಡಿಯುತ್ತದೆ. ಮುಂದೆ ಎಷ್ಟು ಜೋರಿನ ಚಿಕಿತ್ಸೆ ಬೇಕು ಎಂಬುದು ಬಹುಮಟ್ಟಿಗೆ ಈ ಪರೀಕ್ಷೆಯಿಂದ ಗೊತ್ತಾಗುತ್ತದೆ.

ಅದಾದ ಮೇಲೆ ಕೆಲವು ತಿಂಗಳು ಜೋರು ಕೀಮೋ, ಅಂದರೆ ಕೆಟ್ಟ ಕಣ ಕೊಲ್ಲುವ ಔಷಧಿಗಳು. ಬೆಂಗಳೂರು, ಹಾಸನ ಎಂದು ಓಡಾಟ ಇರುವುದು ಆಗಲೇ. ಕೊನೆಗೆ ಮೇಂಟೆನೆನ್ಸ್. ಇದೇ ಉದ್ದ. ಹೆಚ್ಚಿನ ಔಷಧಿ ಮನೆಯಲ್ಲೇ, ಬಾಯಿಂದ. ಮಗು ಶಾಲೆಗೆ ಹೋಗುತ್ತದೆ, ಆಡುತ್ತದೆ.

ದುಡ್ಡಿಗೆ ಏನು ಮಾಡೋದು? ತೋಟ ಮಾರಬೇಕಾ?

ಮಾರುವ ಮೊದಲು ಕಾಗದಪತ್ರ ಹಿಡಿದು ಕೂರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕಾರ್ಡಿನ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎ.ಪಿ.ಎಲ್. ಮನೆಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ. ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಅನುಮಾನ ಇದ್ದರೆ 104ಕ್ಕೆ ಅಥವಾ 14555ಕ್ಕೆ ಫೋನ್ ಮಾಡಿ ಕೇಳಬಹುದು.

ಜನ ಸಿಕ್ಕಿಹಾಕಿಕೊಳ್ಳುವುದು ಒಂದು ಚಿಕ್ಕ ವಿಷಯದಲ್ಲಿ. ರೇಷನ್ ಕಾರ್ಡಿನಲ್ಲಿ ಅಪ್ಪ ಅಮ್ಮನ ಹೆಸರು ಇರುತ್ತದೆ, ಮಗುವಿನ ಹೆಸರು ಸೇರಿಸಿರುವುದಿಲ್ಲ. ಇಲ್ಲವೇ ಆಧಾರ್‌ನಲ್ಲಿ ಒಂದು ಹೆಸರು, ಜನನ ಪತ್ರದಲ್ಲಿ ಇನ್ನೊಂದು ಹೆಸರು. ಕೌಂಟರ್ ಮುಂದೆ ನಿಂತಾಗ ಇದು ಗೊತ್ತಾಗುತ್ತದೆ. ಮನೆಯಲ್ಲಿ ಇರುವ ಅಣ್ಣನೋ ಭಾವನೋ ಮೊದಲ ವಾರವೇ ಈ ಕೆಲಸ ಹಿಡಿದು ಮುಗಿಸಲಿ. ನಿಮಗೆ ಆಗ ತಲೆ ಓಡುವುದಿಲ್ಲ.

ಮುಖ್ಯಮಂತ್ರಿ ಪರಿಹಾರ ನಿಧಿಗೆ ನಿಮ್ಮ ಶಾಸಕರ ಕಚೇರಿಯಿಂದ, ಪ್ರಧಾನ ಮಂತ್ರಿ ಪರಿಹಾರ ನಿಧಿಗೆ ಸಂಸದರ ಕಚೇರಿಯಿಂದ ಪತ್ರ ಮಾಡಿಸಿ ಅರ್ಜಿ ಹಾಕಿ. ಆಸ್ಪತ್ರೆಯ ಅಂದಾಜು ವೆಚ್ಚದ ಪತ್ರ ಬೇಕು. ಆಸ್ಪತ್ರೆಯ ಸಮಾಜ ಕಾರ್ಯಕರ್ತರಿಗೆ ಯಾವ ಟ್ರಸ್ಟ್ ಯಾವುದಕ್ಕೆ ಕೊಡುತ್ತದೆ ಎಂದು ಗೊತ್ತಿರುತ್ತದೆ. ನಾಚಿಕೆ ಬಿಟ್ಟು ಅವರ ಹತ್ತಿರ ಕೂತು ಮಾತಾಡಿ.

ಓಡಾಟಕ್ಕೂ ರಿಯಾಯಿತಿ ಇದೆ. ಆಸ್ಪತ್ರೆಯಿಂದ ರೈಲ್ವೆ ಫಾರ್ಮ್ ಬರೆಸಿಕೊಂಡು ಕೌಂಟರ್‌ನಲ್ಲಿ ಕೊಟ್ಟರೆ ಸೆಕೆಂಡ್ ಕ್ಲಾಸ್ ಮತ್ತು ಎ.ಸಿ. ಚೇರ್ ಕಾರ್‌ನಲ್ಲಿ ಮಗುವಿಗೂ ಜೊತೆಗಿರುವ ಒಬ್ಬರಿಗೂ ಶೇ. 75 ಕಡಿಮೆ. ಸ್ಲೀಪರ್ ಮತ್ತು ತ್ರೀ ಟೈರ್ ಎ.ಸಿ.ಯಲ್ಲಿ ಮಗುವಿಗೆ ಪೂರ್ತಿ ಉಚಿತ. ಕೆ.ಎಸ್.ಆರ್.ಟಿ.ಸಿ.ಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಅಮ್ಮನಿಗೂ ಹೆಣ್ಣುಮಗುವಿಗೂ ಶಕ್ತಿ ಯೋಜನೆಯ ಉಚಿತ ಟಿಕೆಟ್ 2023ರ ಜೂನ್‌ನಿಂದ ಸಿಗುತ್ತಿದೆ. ಆದರೆ ಬಿಳಿ ರಕ್ತಕಣ ಕಡಿಮೆ ಇರುವ ವಾರ ತುಂಬಿದ ಬಸ್ಸು ಬೇಡ. ಉಳಿಸಿದ ದುಡ್ಡನ್ನು ಅವತ್ತಿನ ಕಾರಿಗೆ ಇಟ್ಟುಕೊಳ್ಳಿ.

ಬೆಂಗಳೂರಲ್ಲಿ ಎಲ್ಲಿ ಉಳಿಯೋದು?

ಕಿದ್ವಾಯಿ ಆವರಣದಲ್ಲೇ ಧರ್ಮಶಾಲೆ ಇದೆ. ಅಲ್ಲಿ ಜಾಗ ಸಿಗದಿದ್ದರೆ ಸಮಾಜ ಕಾರ್ಯಕರ್ತರನ್ನು ಕೇಳಿ. ನೆಂಟರ ಮನೆ ಆದರೆ ಮೂರು ವಿಷಯ ಮೊದಲೇ ಕೇಳಿಕೊಳ್ಳಿ: ಮಗುವಿಗೆ ಬೇರೆ ಮಲಗುವ ಜಾಗ ಇದೆಯಾ, ಆ ಮನೆಯಲ್ಲಿ ಯಾರಿಗಾದರೂ ನೆಗಡಿ ಕೆಮ್ಮು ಇದೆಯಾ, ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಹೋಗಬೇಕಾದರೆ ಆಟೋ ಸಿಗುತ್ತಾ.

ಜ್ವರ ಬಂದರೆ ಬೆಳಗ್ಗೆವರೆಗೂ ನೋಡಬಹುದಾ?

ಬೇಡ. ಈ ಇಡೀ ಬರಹದಲ್ಲಿ ಒಂದೇ ಒಂದು ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಕೀಮೋ ಆದ ಮೇಲೆ ಬಿಳಿ ರಕ್ತಕಣ ಇಳಿಯುತ್ತದೆ. ಅದರಲ್ಲೂ ಸೋಂಕು ತಡೆಯುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣ 500ಕ್ಕಿಂತ ಕೆಳಗೆ ಹೋದಾಗ ಮಗುವಿನ ಮೈಗೆ ಸೋಂಕಿನ ಜೊತೆ ಹೋರಾಡುವ ಶಕ್ತಿ ಇರುವುದಿಲ್ಲ. ಗಾಯ ಕೀವಾಗುವುದಿಲ್ಲ, ಗಂಟಲು ಕೆಂಪಾಗುವುದಿಲ್ಲ. ಕಾಣುವುದು ಜ್ವರ ಒಂದೇ. ಸಂಜೆ ಆಡಿಕೊಂಡಿದ್ದ ಮಗು ಬೆಳಗಾಗುವಷ್ಟರಲ್ಲಿ ಕೈ ತಪ್ಪಿ ಹೋಗಬಹುದು. ಅದಕ್ಕೇ ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ನರಕ್ಕೆ ಆಂಟಿಬಯಾಟಿಕ್ ಹೋಗಬೇಕು.

ಥರ್ಮಾಮೀಟರ್ ಮನೆಯಲ್ಲಿ ಎರಡು ಇರಲಿ. ಕಂಕುಳಲ್ಲಿ ಇಟ್ಟು ನೋಡಿ. ಗುದದ್ವಾರದಲ್ಲಿ ಬೇಡ, ಅಲ್ಲಿ ಸಣ್ಣ ಗಾಯವಾದರೂ ಸೋಂಕು ಹತ್ತುತ್ತದೆ. 100.4 ಡಿಗ್ರಿ ಫ್ಯಾರನ್‌ಹೀಟ್ ಆದರೆ ಹೊರಡುವುದೇ. ನಿಮ್ಮ ಆಸ್ಪತ್ರೆ ಬೇರೆ ಅಂಕಿ ಹೇಳಿದ್ದರೆ ಅದನ್ನೇ ಹಿಡಿಯಿರಿ. ಜ್ವರ ಇಲ್ಲದೆ ಚಳಿ ನಡುಕ ಬಂದರೂ, ಮಗು ಮಂಕಾಗಿ ಬಿದ್ದುಕೊಂಡರೂ ಅಷ್ಟೇ. ಡಾಕ್ಟರ್ ಜೊತೆ ಮಾತಾಡುವ ಮೊದಲು ಪ್ಯಾರಾಸಿಟಮಾಲ್ ಕೊಡಬೇಡಿ, ಜ್ವರ ಮುಚ್ಚಿಹೋಗುತ್ತದೆ. ಬ್ರೂಫೆನ್, ಆಸ್ಪಿರಿನ್ ಯಾವತ್ತೂ ಬೇಡ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ ಕಡಿಮೆ ಇರುವಾಗ ಅವು ರಕ್ತಸ್ರಾವ ಜಾಸ್ತಿ ಮಾಡುತ್ತವೆ. ಊರಿನ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಬೇಡಿ.

ಡಿಸ್ಚಾರ್ಜ್ ಆಗುವಾಗ ನಿಮ್ಮ ಡಾಕ್ಟರ್ ಹತ್ತಿರ ಒಂದು ಪತ್ರ ಬರೆಸಿಕೊಳ್ಳಿ. ಮಗುವಿನ ಕಾಯಿಲೆ, ಈಗ ಯಾವ ಹಂತ, ಜ್ವರ ಬಂದರೆ ಮೊದಲು ಯಾವ ಆಂಟಿಬಯಾಟಿಕ್, ತೂಕಕ್ಕೆ ಎಷ್ಟು ಡೋಸ್, ಯಾವ ನಂಬರಿಗೆ ಫೋನ್ ಮಾಡಬೇಕು. ಹಿಮ್ಸ್‌ನ ತುರ್ತು ವಿಭಾಗದಲ್ಲಿ ರಾತ್ರಿ ಇರುವವರು ಹೊಸಬರಿರಬಹುದು. ಪತ್ರ ಕೈಗಿಟ್ಟರೆ ಮಾತು ಬೇಡ. ಅದರ ಫೋಟೋ ಅಪ್ಪನ ಫೋನಿನಲ್ಲಿ, ಅಮ್ಮನ ಫೋನಿನಲ್ಲಿ, ಗಾಡಿ ಓಡಿಸುವ ಮಾವನ ಫೋನಿನಲ್ಲಿ ಇರಲಿ. ಒಂದು ಪ್ರತಿಯನ್ನು ನಾನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದೆ, ಟಾರ್ಚ್ ಪಕ್ಕದಲ್ಲೇ.

ಆಲೂರು, ಸಕಲೇಶಪುರದ ತೋಟದ ಲೈನ್ ಮನೆಗಳಲ್ಲಿ ಇರುವವರಿಗೆ ಇನ್ನೊಂದು ಕಷ್ಟ. ಸಂಜೆ ಮೇಲೆ ಆನೆ ಓಡಾಟ. ಬೈಕಿನಲ್ಲಿ ಹೊರಡಲು ಆಗುವುದಿಲ್ಲ. ಕೀಮೋ ಆದ ಎರಡನೇ ವಾರದಲ್ಲಿ ಕಣಗಳು ತುಂಬಾ ಇಳಿದಿರುತ್ತವೆ. ಆಗ ಪೇಟೆಯಲ್ಲಿರುವ ನೆಂಟರ ಮನೆಗೆ ಬಂದು ಇದ್ದುಬಿಡಿ. ಅದಾಗದಿದ್ದರೆ ಎಸ್ಟೇಟ್ ಜೀಪು ಯಾರ ಹತ್ತಿರ ಇದೆ, ಕೀ ಎಲ್ಲಿರುತ್ತದೆ ಎಂದು ಹಗಲಿನಲ್ಲೇ ರೈಟರ ಹತ್ತಿರ ಮಾತಾಡಿಟ್ಟುಕೊಳ್ಳಿ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಉಚಿತ. ಬೆಂಗಳೂರಿಗೇ ಹೋಗಬೇಕು ಎಂದು ಹಟ ಹಿಡಿಯಬೇಡಿ. ಮೊದಲ ಇಂಜೆಕ್ಷನ್ ಹತ್ತಿರದಲ್ಲಿ, ಆಮೇಲೆ ಬೆಂಗಳೂರು.

ಪಕ್ಕದ ಮನೆ ಮಗುವಿಗೆ ಅಮ್ಮ ಆಗಿದೆ. ನಮ್ಮ ಮಗು ಅಲ್ಲಿ ಆಡಿತ್ತು.

ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ಅಮ್ಮ, ಅಂದರೆ ಚಿಕನ್ ಪಾಕ್ಸ್, ಈ ಮಕ್ಕಳಿಗೆ ಜೀವಕ್ಕೇ ಕುತ್ತಾಗಬಹುದು. ಬೇಗ ತಿಳಿಸಿದರೆ ತಡೆಯಲು ಔಷಧಿ ಇದೆ. ಗುಳ್ಳೆ ಏಳಲಿ ನೋಡೋಣ ಎಂದು ಕಾಯಬೇಡಿ. ದಡಾರಕ್ಕೂ ಇದೇ ಮಾತು. ಮನೆಯಲ್ಲಿ ಇನ್ನೊಂದು ಚಿಕ್ಕ ಮಗು ಇದ್ದರೆ ಪೋಲಿಯೋ ಹನಿ ಹಾಕಿಸುವ ಮೊದಲೂ ನಿಮ್ಮ ಡಾಕ್ಟರನ್ನು ಕೇಳಿ.

ಏನು ಊಟ ಕೊಡೋದು?

ಮನೆಯಲ್ಲಿ ಆಗ ತಾನೇ ಮಾಡಿದ ಬಿಸಿ ಊಟ. ಮುದ್ದೆ, ಬಸ್ಸಾರು, ಅನ್ನ, ಬೇಳೆ, ಚೆನ್ನಾಗಿ ಬೆಂದ ಮೊಟ್ಟೆ, ಕೋಳಿ. ಕುದಿಸಿ ಆರಿಸಿದ ನೀರು. ಸಿಪ್ಪೆ ಸುಲಿದು ತಿನ್ನುವ ಹಣ್ಣು: ಬಾಳೆ, ಕಿತ್ತಳೆ. ಕಣ ಕಡಿಮೆ ಇರುವಾಗ ಹಸಿ ಕೋಸಂಬರಿ, ಹೊರಗಿನ ಪಾನಿಪೂರಿ, ಕತ್ತರಿಸಿಟ್ಟ ಹಣ್ಣು, ಪಂಚಾಮೃತ ಬೇಡ. ದೇವರ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ದೊಡ್ಡವರು ತಿನ್ನಿ.

ಸ್ಟಿರಾಯ್ಡ್ ಕೊಡುವ ವಾರಗಳಲ್ಲಿ ಬೇರೆಯದೇ ಮಗು ಮನೆಗೆ ಬಂದ ಹಾಗೆ ಇರುತ್ತದೆ. ನನ್ನ ಮಗಳು ಬೆಳಗಿನ ಜಾವ ಎದ್ದು ಚಿತ್ರಾನ್ನ ಬೇಕು ಅನ್ನುತ್ತಿದ್ದಳು. ಒಗ್ಗರಣೆ ಸಿಡಿಯುವವರೆಗೂ ಅಡುಗೆ ಮನೆ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿರುತ್ತಿದ್ದಳು. ತಿಂದ ಅರ್ಧ ಗಂಟೆಗೆ ಇಡ್ಲಿ. ಮುಖ ಊದಿ ಕೆನ್ನೆ ತುಂಬಿಕೊಂಡಿತು. ಮಾತು ಮಾತಿಗೂ ಅಳು, ಕೋಪ, ಅಪ್ಪನಿಗೆ ಹೊಡೆತ. ಇದು ಮಗುವಿನ ಗುಣ ಅಲ್ಲ, ಮಾತ್ರೆಯ ಗುಣ. ಗದರಬೇಡಿ. ಉಪ್ಪು, ಎಣ್ಣೆ ಕಡಿಮೆ ಮಾಡಿ, ಕೇಳಿದಾಗ ಸ್ವಲ್ಪ ಸ್ವಲ್ಪ ಕೊಡಿ. ಆಸ್ಪರಾಜಿನೇಸ್ ನಡೆಯುವಾಗ ಜೋರಾಗಿ ಹೊಟ್ಟೆ ನೋವು ಬಂದು ವಾಂತಿಯಾದರೆ ಗ್ಯಾಸ್ ಎಂದು ಸುಮ್ಮನಾಗಬೇಡಿ. ಮೇದೋಜೀರಕ ಗ್ರಂಥಿ ಊದಿರಬಹುದು.

ಮೂತ್ರ ಕೆಂಪಗೆ ಬಂತು. ರಕ್ತನಾ?

ಡೌನೊರುಬಿಸಿನ್ ಅಥವಾ ಡಾಕ್ಸೊರುಬಿಸಿನ್ ಹಾಕಿದ ದಿನ ಆಗಿದ್ದರೆ ಅದು ಔಷಧಿಯ ಬಣ್ಣ. ಔಷಧಿಯೇ ಕೆಂಪು. ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ. ಬೇರೆ ದಿನ ಬಂದರೆ ಫೋನ್ ಮಾಡಿ.

ನಾಟಿ ಔಷಧಿ ಜೊತೆಗೆ ಕೊಟ್ಟರೆ ಏನು ತೊಂದರೆ? ಅದೂ ಸೊಪ್ಪೇ ತಾನೇ?

ನಿಮ್ಮ ಮನೆ ಮುಂದೆ ನಿತ್ಯಪುಷ್ಪದ ಗಿಡ ಇರಬಹುದು, ಕೆಲವರು ಕಾಶಿ ಕಣಗಿಲೆ ಅನ್ನುತ್ತಾರೆ. ನಿಮ್ಮ ಮಗುವಿಗೆ ಹಾಕುವ ವಿನ್‌ಕ್ರಿಸ್ಟಿನ್ ಆ ಗಿಡದಿಂದಲೇ ಬಂದದ್ದು. ಅಂದರೆ ಗಿಡದಲ್ಲಿ ಔಷಧಿ ಇಲ್ಲ ಎಂದು ಯಾರೂ ಹೇಳುತ್ತಿಲ್ಲ. ಆದರೆ ಒಂದು ಸಲಕ್ಕೆ ಹಾಕುವ ವಿನ್‌ಕ್ರಿಸ್ಟಿನ್ ಎಷ್ಟು ಗೊತ್ತಾ? ಹೆಚ್ಚೆಂದರೆ 2 ಮಿಲಿಗ್ರಾಂ. ರಾಶಿ ಎಲೆಯಿಂದ ಅಷ್ಟನ್ನು ಬೇರ್ಪಡಿಸಿ, ಅಳೆದು, ಮಗುವಿನ ಎತ್ತರ ತೂಕ ನೋಡಿ ಹಾಕುತ್ತಾರೆ. ಸ್ವಲ್ಪ ಜಾಸ್ತಿಯಾದರೂ ನರಗಳಿಗೆ ಪೆಟ್ಟು. ಅದೇ ಎಲೆ ಅರೆದು ಕುಡಿಸಿದರೆ ಒಳಗೆ ಏನೇನು, ಎಷ್ಟೆಷ್ಟು ಹೋಯಿತು ಎಂದು ಯಾರಿಗೆ ಗೊತ್ತು? ಹಾಗೆ ಮಾಡಲೇಬೇಡಿ.

ಅಮೃತಬಳ್ಳಿ, ಪಪ್ಪಾಯ ಎಲೆ ರಸ, ಯಾರೋ ಪುಡಿ ಕಟ್ಟಿಕೊಡುವುದು, ಇವೆಲ್ಲಕ್ಕೂ ನನ್ನ ಉತ್ತರ ಒಂದೇ. ಕೀಮೋ ಔಷಧಿಗಳಲ್ಲಿ ಹಲವನ್ನು ಸಂಭಾಳಿಸುವುದು ಲಿವರ್. ಅದರ ಮೇಲೆ ಇನ್ನೊಂದು ಹೊರೆ ಹಾಕಿದರೆ ಕೀಮೋ ನಿಲ್ಲಿಸಬೇಕಾಗುತ್ತದೆ. ಅಜ್ಜಿ ಆಸೆಯಿಂದ ತಂದಿದ್ದರೆ ಬೈಯಬೇಡಿ. ಅವರನ್ನೇ ಒಂದು ಸಲ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಕೇಳಿಸಿ. ನೀವು ಹೇಳಿದ್ದಕ್ಕಿಂತ ಅದು ಬೇಗ ನಾಟುತ್ತದೆ.

ಕೂದಲು ಉದುರುತ್ತಾ? ಹರಕೆ, ದೇವಸ್ಥಾನ?

ಎರಡು ಮೂರು ವಾರಕ್ಕೆ ಉದುರುತ್ತದೆ. ಮತ್ತೆ ಬರುತ್ತದೆ. ದಿಂಬಿನ ಮೇಲೆ ಕಂತೆ ಕಂತೆಯಾಗಿ ಬೀಳುವುದನ್ನು ಮಗು ನೋಡುವ ಮೊದಲು ಚಿಕ್ಕದಾಗಿ ಕತ್ತರಿಸಿದರೆ ಒಳ್ಳೆಯದು. ಧರ್ಮಸ್ಥಳಕ್ಕೆ ಮುಡಿ ಹರಕೆ ಹೊತ್ತಿದ್ದರೆ ಚಿಕಿತ್ಸೆ ಮುಗಿದು ಕೂದಲು ಬೆಳೆದ ಮೇಲೆ ತೀರಿಸಿ. ಪ್ಲೇಟ್‌ಲೆಟ್ ಕಡಿಮೆ ಇರುವ ತಲೆಗೆ ಕತ್ತಿ ತಾಗಿಸಬಾರದು.

ಹಾಸನಾಂಬೆ ಬಾಗಿಲು ತೆರೆಯುವುದು ವರ್ಷಕ್ಕೆ ಒಂದೇ ಸಲ, ದೀಪಾವಳಿ ಹೊತ್ತಿಗೆ. ಊರಿಗೆ ಊರೇ ಸಾಲಿನಲ್ಲಿ ನಿಂತಿರುತ್ತದೆ. ಆ ಜನಜಂಗುಳಿಗೆ ಮಗುವನ್ನು ಕರೆದೊಯ್ಯಬೇಡಿ. ಮನೆಯ ಒಬ್ಬರು ಹೋಗಿ ಮಗುವಿನ ಹೆಸರು ಹೇಳಿ ಕೈ ಮುಗಿದು ಬರಲಿ. ನಾವು ಹಾಗೇ ಮಾಡಿದ್ದೆವು.

ಮಗುವಿಗೆ ಹೇಳಬೇಕಾ?

ಹೇಳಿ. ವಯಸ್ಸಿಗೆ ತಕ್ಕ ಹಾಗೆ. ನಾವು ಹೇಳದಿದ್ದರೆ ಪಕ್ಕದ ಬೆಡ್ಡಿನ ಮಗು ಹೇಳುತ್ತದೆ. ನಾಲ್ಕೈದು ವರ್ಷದವರಿಗೆ "ನಿನ್ನ ರಕ್ತದಲ್ಲಿ ಕೆಟ್ಟ ಕಣ ಸೇರಿಕೊಂಡಿವೆ, ಓಡಿಸೋಕೆ ಔಷಧಿ ಹಾಕ್ತಾರೆ, ಚುಚ್ಚಿದಾಗ ನೋಯುತ್ತೆ, ನಾನು ಕೈ ಹಿಡ್ಕೊಂಡಿರ್ತೀನಿ" ಎಂದರೆ ಸಾಕು. ನೋಯುವುದಿಲ್ಲ ಎಂದು ಮಾತ್ರ ಸುಳ್ಳು ಹೇಳಬೇಡಿ. ಒಂದು ಸಲ ಸುಳ್ಳು ಎಂದು ಗೊತ್ತಾದರೆ ಮುಂದಿನ ಎಲ್ಲದಕ್ಕೂ ಹೆದರುತ್ತಾರೆ. "ನಾನು ಜಗಳ ಆಡಿದ್ದಕ್ಕೆ ಬಂತಾ?" ಎಂದು ಮಕ್ಕಳು ಕೇಳುವುದುಂಟು. ಕೇಳದಿದ್ದರೂ ಒಳಗೆ ಅಂದುಕೊಂಡಿರುತ್ತಾರೆ. ನೀನು ಏನೂ ಮಾಡಿಲ್ಲ ಕಂದಾ ಎಂದು ನೀವಾಗಿಯೇ ಹೇಳಿ.

ದೊಡ್ಡ ಮಗ ಅಜ್ಜಿ ಮನೆಯಲ್ಲಿದ್ದಾನೆ. ಮಾತೇ ಆಡಲ್ಲ.

ಅವನಿಗೆ ಒಂದೇ ದಿನ ಅಮ್ಮನೂ ಇಲ್ಲ, ತಂಗಿಯೂ ಇಲ್ಲ. ಎಲ್ಲರೂ ಫೋನಿನಲ್ಲಿ ತಂಗಿಯನ್ನೇ ವಿಚಾರಿಸುತ್ತಾರೆ. ದಿನಾ ಸಂಜೆ ಒಂದು ಫೋನ್ ಅವನೊಬ್ಬನಿಗೇ ಮಾಡಿ. ಆ ಹೊತ್ತಿನಲ್ಲಿ ಕಾಯಿಲೆ ಮಾತು ಬೇಡ. ರಜೆಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ತಂಗಿ ಎಲ್ಲಿರುತ್ತಾಳೆ ಎಂದು ಅವನೂ ನೋಡಲಿ. ಅವನಿಗೂ ಬರುತ್ತಾ ಎಂಬ ಭಯ ಅವನಲ್ಲಿ ಇದ್ದೇ ಇರುತ್ತದೆ.

ನಾವಿಬ್ಬರೂ ಬರೀ ಜಗಳ ಆಡ್ತೀವಿ.

ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಹಾಸನದಲ್ಲಿ. ಇವರಿಗೆ ನಿದ್ದೆ ಇಲ್ಲ, ಅವರಿಗೆ ಸಾಲದ ಚಿಂತೆ. ಜಗಳ ಬಾರದಿದ್ದರೇ ಆಶ್ಚರ್ಯ. ನಮ್ಮ ಕಡೆ ಗಂಡಸರು ಅಳುವುದಿಲ್ಲ, ತೋಟಕ್ಕೆ ಹೋಗಿ ಕೂರುತ್ತಾರೆ. ಹೆಂಡತಿಗೆ ಇವರಿಗೆ ಏನೂ ಅನ್ನಿಸಲೇ ಇಲ್ಲ ಅನ್ನಿಸುತ್ತದೆ. ತಿಂಗಳಿಗೆ ಕೆಲವು ದಿನವಾದರೂ ಅಪ್ಪ ವಾರ್ಡಿನಲ್ಲಿ ಉಳಿಯಲಿ, ಅಮ್ಮ ಮನೆಗೆ ಬಂದು ಮಲಗಲಿ. ಔಷಧಿ ಕೊಡುವುದು, ಥರ್ಮಾಮೀಟರ್ ನೋಡುವುದು ಇಬ್ಬರಿಗೂ ಗೊತ್ತಿರಬೇಕು. ಮನಸ್ಸು ತೀರಾ ಕುಗ್ಗಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ.

ರಕ್ತ, ಪ್ಲೇಟ್‌ಲೆಟ್‌ಗೆ ಜನ ಹೇಗೆ ಹೊಂದಿಸೋದು?

ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ. ಹಾಗಾಗಿ ಒಂದೇ ದಿನ ಹತ್ತು ಜನರನ್ನು ಕರೆತಂದರೆ ಉಪಯೋಗ ಇಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗರ ಹೆಸರು, ಗ್ರೂಪ್, ನಂಬರ್ ಬರೆದ ಪಟ್ಟಿ ಇಟ್ಟುಕೊಂಡು ಒಬ್ಬೊಬ್ಬರನ್ನೇ ಕರೆಯಿರಿ. ಹತ್ತಿರದ ರಕ್ತಸಂಬಂಧಿ ಕೊಡುವುದಾದರೆ ರಕ್ತನಿಧಿಗೆ ಮೊದಲೇ ತಿಳಿಸಿ, ಆ ರಕ್ತವನ್ನು ವಿಕಿರಣ ಹಾಯಿಸಿ ಕೊಡಬೇಕಾಗುತ್ತದೆ.

ಈಗ ಚೆನ್ನಾಗಿದ್ದಾಳೆ. ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂದಿದೆ. ಇನ್ನೂ ಯಾಕೆ ಔಷಧಿ?

ಈ ಪ್ರಶ್ನೆ ಬಂದಾಗ ನಾನು ಮಾಡುತ್ತಿರುವ ಕೆಲಸ ಬಿಟ್ಟು ಕೂತು ಮಾತಾಡುತ್ತೇನೆ.

ಮೊದಲ ತಿಂಗಳು ಮುಗಿದಾಗ ಹೆಚ್ಚಿನ ಮಕ್ಕಳಲ್ಲಿ ಕೆಟ್ಟ ಕಣ ಕಾಣುವುದಿಲ್ಲ. ಮುಖಕ್ಕೆ ಕಳೆ ಬರುತ್ತದೆ. ಅತ್ತ ಮನೆಯಲ್ಲಿ ದುಡ್ಡು ಖಾಲಿ. ಕಾಫಿ ಕೊಯ್ಲು ಬಂದಿರುತ್ತದೆ, ಇಲ್ಲ ಆಲೂಗಡ್ಡೆ ಬಿತ್ತನೆ. "ಚೆನ್ನಾಗೇ ಇದೆಯಲ್ಲ, ಮತ್ತೆ ಯಾಕೆ ಆ ವಿಷ ಹಾಕಿಸ್ತೀರಿ" ಎಂದು ಹಿರಿಯರು ಅನ್ನುತ್ತಾರೆ. ಅಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಕಳೆ ಕಿತ್ತ ಹೊಲದಲ್ಲಿ ಗರಿಕೆ ಬೇರು ಉಳಿದ ಹಾಗೆ ಇದು. ಮೇಲೆ ಏನೂ ಕಾಣುವುದಿಲ್ಲ, ಒಂದು ಮಳೆಗೆ ಮತ್ತೆ ಹೊಲ ತುಂಬುತ್ತದೆ. ನಿಲ್ಲಿಸಿದವರಿಗೆ ಬಹುತೇಕ ಕಾಯಿಲೆ ಮರಳುತ್ತದೆ. ಮರಳಿದ್ದನ್ನು ವಾಸಿ ಮಾಡುವುದು ಮೊದಲಿಗಿಂತ ತುಂಬಾ ಕಷ್ಟ, ಖರ್ಚೂ ಜಾಸ್ತಿ.

ಮಧ್ಯೆ ಮಧ್ಯೆ ತಪ್ಪಿಸಿದರೂ ತೊಂದರೆಯೇ. ಮೇಂಟೆನೆನ್ಸ್‌ನಲ್ಲಿ 6 ಎಂ.ಪಿ. ದಿನಾ, ಮೆಥೊಟ್ರೆಕ್ಸೇಟ್ ವಾರಕ್ಕೊಂದು ಸಲ. 100 ಡೋಸ್‌ಗೆ 95ಕ್ಕಿಂತ ಕಡಿಮೆ 6 ಎಂ.ಪಿ. ನುಂಗಿದ ಮಕ್ಕಳಲ್ಲಿ ಕಾಯಿಲೆ ಮರಳುವ ಸಂಭವ ಹೆಚ್ಚು ಎಂದು ಅಮೆರಿಕದ ಅಧ್ಯಯನದಲ್ಲಿ ಕಂಡುಬಂದಿದೆ. ಅಂದರೆ ತಿಂಗಳಿಗೆ ಎರಡು ದಿನ ಮರೆತರೂ ಲೆಕ್ಕಕ್ಕೆ ಬರುತ್ತದೆ. ಗೋಡೆಯ ಕ್ಯಾಲೆಂಡರ್ ಪಕ್ಕ ಪೆನ್ನು ಕಟ್ಟಿ, ಕೊಟ್ಟ ಮೇಲೆ ಆ ದಿನಕ್ಕೆ ಗೆರೆ ಎಳೆಯಿರಿ. ಗೆರೆ ಎಳೆಯುವ ಕೆಲಸ ಮಗುವಿಗೇ ಕೊಡಿ. ದಿನಾ ಒಂದೇ ಹೊತ್ತಿಗೆ ಕೊಡಿ, ಊಟದ ನಂತರ ಮಲಗುವ ಮೊದಲು ಸುಲಭ. ವಾರಕ್ಕೊಂದು ಸಲದ ಮೆಥೊಟ್ರೆಕ್ಸೇಟನ್ನು ತಪ್ಪಿ ದಿನಾ ಕೊಟ್ಟರೆ ಅಪಾಯ. ಆ ಡಬ್ಬಿ ಬೇರೆ ಕಡೆ ಇಡಿ, ಮೇಲೆ ವಾರದ ಹೆಸರು ದಪ್ಪಕ್ಷರದಲ್ಲಿ ಬರೆಯಿರಿ. ಸೆಪ್ಟ್ರಾನ್ ಬರೆದಿದ್ದರೆ ಅದೂ ಬಿಡಬಾರದು, ಅದು ಶ್ವಾಸಕೋಶದ ಒಂದು ಸೋಂಕನ್ನು ತಡೆಯುತ್ತದೆ.

ಪಕ್ಕದವರ ಮಗುವಿಗೆ ಒಂದು ಮಾತ್ರೆ, ನಮ್ಮ ಮಗುವಿಗೆ ಅರ್ಧ ಯಾಕೆ ಎಂದು ಹೋಲಿಸಬೇಡಿ. 6 ಎಂ.ಪಿ. ಮೈಯಲ್ಲಿ ಕರಗುವ ರೀತಿ ಮಗುವಿಂದ ಮಗುವಿಗೆ ಬೇರೆ. ರಕ್ತ ಪರೀಕ್ಷೆ ನೋಡಿ ಡಾಕ್ಟರ್ ಏರಿಸುತ್ತಾರೆ, ಇಳಿಸುತ್ತಾರೆ.

ಬಸ್ಸಿಗೆ ದುಡ್ಡಿಲ್ಲ ಎಂದು ನಿಲ್ಲಿಸುವ ಪರಿಸ್ಥಿತಿ ಬಂದರೆ ನಿಲ್ಲಿಸುವ ಮೊದಲು ಆಸ್ಪತ್ರೆಗೆ ಒಂದು ಫೋನ್ ಮಾಡಿ ಹಾಗೇ ಹೇಳಿ. ದಾರಿ ಹುಡುಕಿ ಕೊಡುತ್ತಾರೆ. ಹೇಳದೆ ಹೋದರೆ ಅವರಿಗೂ ಏನೂ ಮಾಡಲು ಆಗುವುದಿಲ್ಲ. ಈಗಾಗಲೇ ನಿಲ್ಲಿಸಿ ವಾರಗಳಾಗಿದ್ದರೂ ನಾಳೆಯೇ ಹೋಗಿ. ಬೈಯುತ್ತಾರೆ ಎಂದು ಹೆದರಿ ಮನೆಯಲ್ಲಿ ಕೂರಬೇಡಿ.

ಶಾಲೆ?

ಟಿ.ಸಿ. ತೆಗೆಸಬೇಡಿ. ವೈದ್ಯಕೀಯ ಪತ್ರ ಕೊಟ್ಟು ಹಾಜರಾತಿಯಲ್ಲಿ ಹೆಸರು ಉಳಿಸಿಕೊಳ್ಳಿ. ಜೋರು ಕೀಮೋ ಮುಗಿದು ಡಾಕ್ಟರ್ ಒಪ್ಪಿದ ಮೇಲೆ ಕಳಿಸಿ. ಕಳಿಸುವ ಮೊದಲು ಟೀಚರ್ ಹತ್ತಿರ ಎರಡು ಮಾತು ಹೇಳಿ: ಇದು ಅಂಟುವುದಿಲ್ಲ, ಮತ್ತು ತರಗತಿಯಲ್ಲಿ ಯಾರಿಗಾದರೂ ಅಮ್ಮ ಅಥವಾ ದಡಾರ ಆದರೆ ಅವತ್ತೇ ನಮಗೆ ತಿಳಿಸಿ. ಬೋಳು ತಲೆಗೆ ನಗುವ ಮಕ್ಕಳು ಇರುತ್ತಾರೆ. ಒಳ್ಳೆಯ ಟೀಚರ್ ಇದ್ದರೆ ಒಂದೇ ದಿನದಲ್ಲಿ ಅದು ನಿಲ್ಲುತ್ತದೆ.

ಡಾಕ್ಟರ್ ಇನ್ನು ಆಗಲ್ಲ ಅಂದರೆ?

ಕೆಲವು ಮಕ್ಕಳಿಗೆ ಎಲ್ಲ ಸರಿಯಾಗಿ ಮಾಡಿದರೂ ಕಾಯಿಲೆ ಮರಳುತ್ತದೆ. ಮತ್ತೆ ಕೀಮೋ, ಅಸ್ಥಿಮಜ್ಜೆ ಕಸಿ ಎಂದು ದಾರಿಗಳಿವೆ. ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕಕ್ಕೆ ಒಂದು. ಅದೂ ಆಗದಿದ್ದಾಗ, ನೋವಿಲ್ಲದೆ ಇರುವುದು ಮಗುವಿನ ಹಕ್ಕು. ನೋವು ನಿವಾರಣೆಗೆ ಅಂತಲೇ ಡಾಕ್ಟರ್‌ಗಳಿದ್ದಾರೆ. ಬೆಂಗಳೂರಿನ ಕರುಣಾಶ್ರಯ ಎಂಬ ಆರೈಕೆ ಕೇಂದ್ರದಲ್ಲಿ ಇದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಮನೆಗೆ ಕರೆತರುವುದಾದರೆ ನೋವಿನ ಔಷಧಿ ಎಷ್ಟು, ಎಷ್ಟು ಹೊತ್ತಿಗೆ ಎಂದು ಬರೆಸಿಕೊಂಡು ಬನ್ನಿ. ಆ ಮನೆಗೆ ಹೋಗುವ ನೆಂಟರಲ್ಲಿ ಒಂದು ಕೋರಿಕೆ: ಬೇರೆ ಆಸ್ಪತ್ರೆಗೆ ಒಯ್ಯಬೇಕಿತ್ತು ಎಂಬ ಮಾತು ಆಡಬೇಡಿ. ಅಡುಗೆ ಮಾಡಿ ತಗೊಂಡು ಹೋಗಿ, ದನ ಕರು ನೋಡಿಕೊಳ್ಳಿ.

ಚಿಕಿತ್ಸೆ ಮುಗಿಯಿತು. ಇನ್ನು ಆಸ್ಪತ್ರೆಗೆ ಹೋಗೋದು ಬೇಡ್ವಾ?

ಹೋಗಬೇಕು. ಮೊದಲ ವರ್ಷ ಪದೇ ಪದೇ, ಆಮೇಲೆ ಅಂತರ ಜಾಸ್ತಿಯಾಗುತ್ತಾ ಹೋಗುತ್ತದೆ. ಹಾಕಿದ್ದ ಲಸಿಕೆಗಳ ಶಕ್ತಿ ಕೀಮೋದಿಂದ ಕುಂದಿರುತ್ತದೆ. ಸುಮಾರು ಆರು ತಿಂಗಳಾದ ಮೇಲೆ ಯಾವುದನ್ನು ಮತ್ತೆ ಹಾಕಿಸಬೇಕು ಎಂದು ಪಟ್ಟಿ ಕೇಳಿ. ಹೆಣ್ಣುಮಕ್ಕಳ ಮನೆಯವರು ಮದುವೆ, ಮಕ್ಕಳ ಬಗ್ಗೆ ಪಿಸುದನಿಯಲ್ಲಿ ಕೇಳುತ್ತಾರೆ. ಎ.ಎಲ್.ಎಲ್.ಗೆ ಸಾಮಾನ್ಯ ಕೀಮೋ ಪಡೆದ ಬಹುಪಾಲು ಮಕ್ಕಳು ಮುಂದೆ ತಂದೆ ತಾಯಿ ಆಗಬಲ್ಲರು. ನಿಮ್ಮ ಮಗುವಿನ ವಿಷಯ ನಿಮ್ಮ ಡಾಕ್ಟರ್ ಹತ್ತಿರವೇ ಕೇಳಿ, ನಾಚಿಕೊಳ್ಳಬೇಡಿ.

ಕೊನೆಯ ದಿನ ಚಿಕಿತ್ಸೆಯ ಸಾರಾಂಶ ಪತ್ರ ಇಸಿದುಕೊಳ್ಳಿ. ಯಾವ ಔಷಧಿ ಒಟ್ಟು ಎಷ್ಟು ಹೋಗಿದೆ ಎಂಬುದು ಅದರಲ್ಲಿ ಇರಬೇಕು, ಮುಖ್ಯವಾಗಿ ಆ ಕೆಂಪು ಔಷಧಿಯದು (ಡೌನೊರುಬಿಸಿನ್, ಡಾಕ್ಸೊರುಬಿಸಿನ್). ಅದು ವರ್ಷಗಳಾದ ಮೇಲೆ ಹೃದಯದ ಮೇಲೆ ಪರಿಣಾಮ ಮಾಡಬಹುದು, ಆಗಾಗ ಎಕೋ ಎಂಬ ಹೃದಯದ ಸ್ಕ್ಯಾನ್ ಮಾಡಿಸಬೇಕಾಗುತ್ತದೆ. ಮಗು ದೊಡ್ಡವಳಾಗಿ ಬೇರೆ ಊರಿಗೆ ಹೋದಾಗ ಅಲ್ಲಿನ ಡಾಕ್ಟರ್ ಕೇಳುವುದು ಇದನ್ನೇ. ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಜನನ ಪತ್ರ, ಅಂಕಪಟ್ಟಿಗಳ ಜೊತೆ ಬೀರುವಿನಲ್ಲಿ ಇಡಿ, ಇನ್ನೊಂದನ್ನು ನಿಮ್ಮ ಹಾಸನದ ಡಾಕ್ಟರ್‌ಗೆ ಕೊಡಿ.